"ಇಲ್ಲವೇ ಇಲ್ಲ" ಅಂದ್ರೆ ಸೊನ್ನೆನಾ, ಮೂರಾ?

ಅಜ್ಜಿ ಜಗಲಿ ಮೇಲೆ ಕೂತಿದ್ರು, ನಾನು ಕೆಳಗಿನ ಮೆಟ್ಲಲ್ಲಿ ಕೂತು ಖಿನ್ನತೆ ಅಂದಾಜು ಮಾಡೋ ಫಾರ್ಮ್ ಹಿಡ್ಕೊಂಡು ಮೊದಲ ಪ್ರಶ್ನೆ ಓದ್ದೆ. "ಕಳೆದ ಎರಡು ವಾರಗಳಲ್ಲಿ, ಕೆಲಸಗಳನ್ನು ಮಾಡುವುದರಲ್ಲಿ ಆಸಕ್ತಿ ಅಥವಾ ಸಂತೋಷ ಇಲ್ಲದಿರುವುದು ನಿಮ್ಮನ್ನು ಎಷ್ಟು ಸಲ ಕಾಡಿದೆ?" ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ಎರಡೂ ಕೈ ಬಿಚ್ಚಿ ತೋರ್ಸಿ "ಇಲ್ಲವೇ ಇಲ್ಲ ಮಗಳೇ" ಅಂದ್ರು. ಫಾರ್ಮಲ್ಲಿ ಮೊದಲ ಕಾಲಂ ಹೆಸರೇ ಅದು, "ಇಲ್ಲವೇ ಇಲ್ಲ", ಅಂಕ ಸೊನ್ನೆ. ಟಿಕ್ ಹಾಕ್ದೆ. ಎರಡನೇ ಪ್ರಶ್ನೆಗೆ ಬಾಯಿ ತೆಗೆಯೋಷ್ಟ್ರಲ್ಲಿ ಅವ್ರೇ ಮುಂದುವರಿಸಿದ್ರು, "ಯಾವ್ದ್ರಲ್ಲೂ ಇಲ್ಲ. ಬೆಳಗಾಗ್ತದೆ, ಸಂಜೆ ಆಗ್ತದೆ, ಅಷ್ಟೇ."

ಅವ್ರು ಹೇಳಿದ್ದು ಆಸಕ್ತಿ ಇಲ್ಲವೇ ಇಲ್ಲ ಅಂತ. ಹಾಕ್ಬೇಕಾಗಿದ್ದು ಕೊನೇ ಕಾಲಂ, ಹೆಚ್ಚುಕಮ್ಮಿ ದಿನಾಲೂ ಅನ್ನೋದು, ಅಂಕ 3. ನಾನು ಹಾಕಿದ್ದು 0. ಅಜ್ಜಿ ಆ ಒಂದು ಮಾತು ಜಾಸ್ತಿ ಆಡದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಆ ಸೊನ್ನೆ ಹಂಗೇ ಕಂಪ್ಯೂಟರಿಗೆ ಹೋಗ್ತಿತ್ತು. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಅದಕ್ಕಿಂತ ಮುಂಚೆ ನಾನು ಮಾತಾಡ್ಸಿದ್ದ ಎಲ್ಲರ ಮೊದಲ ಪ್ರಶ್ನೆ ಬಗ್ಗೆನೂ ಅನುಮಾನ ಶುರುವಾಯ್ತು.

ಕೆಲಸ ಏನಂತ ಹೇಳ್ಬಿಡ್ತೀನಿ. ಖಿನ್ನತೆ ಇದೆಯಾ ಇಲ್ವಾ ಅಂತ ಅಂದಾಜು ಮಾಡೋಕೆ ಜನ ತಾವೇ ಉತ್ತರ ಕೊಡೋ ಪ್ರಶ್ನಾವಳಿಗಳು ಇರ್ತವಲ್ಲ, ಅದ್ರಲ್ಲಿ ಒಂದನ್ನ ನಮ್ಮ ದೇಶದ ಹಲವು ಭಾಷೆಗಳಲ್ಲಿ ಓದು ಬರಹ ಬರದವರಿಗೂ ಬಾಯಲ್ಲಿ ಓದಿ ಹೇಳೋ ಥರ ಹೊಂದಿಸಿ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡೋ ಪ್ರಾಜೆಕ್ಟ್. ಕನ್ನಡದ ತಂಡದಲ್ಲಿ ನಾನಿದ್ದೆ. ಸೈಕಾಲಜಿ ಓದ್ಕೊಂಡಿದ್ದೆ, ಅನುವಾದನೂ ಮಾಡಿದ್ದೆ, ಹಂಗಾಗಿ ಎರಡೂ ಕಡೆ ಓಡಾಡೋ ಕೆಲಸ ನನ್ನ ಪಾಲಿಗೆ ಬಂತು.

ನಾವು ತಗೊಂಡಿದ್ದು ಪಿಎಚ್‌ಕ್ಯೂ-9. 2001ರಲ್ಲಿ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಅನ್ನೋರು ಇದರ ಪರೀಕ್ಷೆಯ ವರದಿ ಪ್ರಕಟಿಸಿದ್ರು. ಒಂಬತ್ತೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 5, 10, 15, 20 ಅಂತ ತೀವ್ರತೆಯ ಮೆಟ್ಟಿಲು, 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಇವ್ರನ್ನ ಸರಿಯಾಗಿ ವಿಚಾರಿಸ್ಬೇಕು ಅಂತ ಲೆಕ್ಕ. ಬೆಕ್ ಅನ್ನೋರ 21 ಪ್ರಶ್ನೆಯ ಇನ್ನೊಂದು ಪ್ರಶ್ನಾವಳಿನೂ ಇದೆ, 1961ರಿಂದ ಬಳಕೇಲಿದೆ, ಆದ್ರೆ ಅದಕ್ಕೆ ಪ್ರಕಾಶಕರ ಅನುಮತಿ ಬೇಕು, ಪ್ರತಿ ಪ್ರಶ್ನೆಗೂ ನಾಲ್ಕು ನಾಲ್ಕು ವಾಕ್ಯ ಓದಿ ಆರಿಸ್ಬೇಕು, ಓದೋಕೆ ಬರದವರಿಗೆ ನಾವು ಬಾಯಲ್ಲಿ ಹೇಳಿ ನಾಲ್ಕನೇದಕ್ಕೆ ಬರೋಷ್ಟ್ರಲ್ಲಿ ಮೊದಲನೇದು ಮರ್ತುಹೋಗಿರುತ್ತೆ. ರಾಡ್ಲಾಫ್ ಅವರ 1977ರ ಸಿಇಎಸ್-ಡಿ 20 ಪ್ರಶ್ನೆದು, ಅದ್ರಲ್ಲಿ ನಾಲ್ಕು ಪ್ರಶ್ನೆ ಉಲ್ಟಾ, ಅಂದ್ರೆ ಒಳ್ಳೇದನ್ನ ಕೇಳೋವು. "ನಾನೂ ಬೇರೆಯವರಷ್ಟೇ ಯೋಗ್ಯಳು ಅನ್ಸಿತು" ಅನ್ನೋ ಥರದ್ದು. ಇದನ್ನ ಒಬ್ಬರ ಹತ್ರ ಓದಿ ನೋಡ್ದಾಗ "ನಮ್ಮನ್ನ ನಾವೇ ಹೊಗಳ್ಕೊಳ್ಳೋದಾ" ಅಂತ ಹಿಂಜರಿದ್ರು. ಪಿಎಚ್‌ಕ್ಯೂ-9 ಚಿಕ್ಕದು, ದುಡ್ಡಿಲ್ಲ, ಅನುಮತಿ ಬೇಡ, ಕನ್ನಡದಲ್ಲಿ ಮುಂಚೆನೇ ಒಂದು ಆವೃತ್ತಿನೂ ಇತ್ತು. ಆದ್ರೆ ಅದು ಓದೋ ಕನ್ನಡ, ನಮಗೆ ಬೇಕಿದ್ದದ್ದು ಕಿವೀಲಿ ಕೇಳಿದ್ರೆ ಅರ್ಥ ಆಗೋ ಕನ್ನಡ.

ಪದ್ಧತಿ ಎಲ್ಲಾ ಪುಸ್ತಕದಲ್ಲಿರೋ ಹಂಗೇ ಮಾಡಿದ್ವಿ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರೋದು, ಎರಡನ್ನೂ ಕೂರ್ಸಿ ಒಂದು ಮಾಡೋದು, ಆಮೇಲೆ ಇಂಗ್ಲಿಷ್ ಮೂಲ ನೋಡದೇ ಇರೋ ಇನ್ನೊಬ್ಬರು ಆ ಕನ್ನಡವನ್ನ ವಾಪಸ್ ಇಂಗ್ಲಿಷಿಗೆ ತರೋದು, ಆ ವಾಪಸ್ ಬಂದಿದ್ದನ್ನ ಮೂಲದ ಪಕ್ಕ ಇಟ್ಟು ನೋಡೋದು. ಬ್ರಿಸ್ಲಿನ್ ಅನ್ನೋರು 1970ರಲ್ಲೇ ಈ ಹಿಂದನುವಾದದ ದಾರಿಯನ್ನ ವಿವರವಾಗಿ ಬರೆದಿದ್ರು, ಆಮೇಲೆ ಎಲ್ಲರೂ ಅದನ್ನೇ ಹಿಡ್ಕೊಂಡ್ರು. ನಮ್ಮದು ವಾಪಸ್ ಬಂದಾಗ ಎಷ್ಟು ಚೆನ್ನಾಗಿ ಹೊಂದ್ತು ಅಂದ್ರೆ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಪದಕ್ಕೆ ಪದ ಮೂಲವೇ. ಕಮಿಟೀಲಿ ಎಲ್ಲರಿಗೂ ಖುಷಿ. ನಂಗೂ ಖುಷಿ ಆಗಿತ್ತು, ಸುಳ್ಳು ಹೇಳಲ್ಲ.

ಈಗ ಯೋಚ್ನೆ ಮಾಡಿದ್ರೆ ಆ ಖುಷಿನೇ ಅಪಾಯದ್ದು. ಹಿಂದನುವಾದ ಮಾಡೋರು ಎರಡೂ ಭಾಷೆ ಓದ್ಕೊಂಡೋರು. "ಆಸಕ್ತಿ ಇಲ್ಲದಿರುವುದು" ಅಂತ ನೋಡಿದ ತಕ್ಷಣ ಅದ್ರ ಹಿಂದೆ ಯಾವ ಇಂಗ್ಲಿಷ್ ಇದೆ ಅಂತ ಅವ್ರಿಗೆ ವಾಸನೆ ಹಿಡಿಯುತ್ತೆ. ಎಷ್ಟು ಕೆಟ್ಟದಾಗಿ ಪದಕ್ಕೆ ಪದ ಇಟ್ಟಿದ್ದೀವೋ ಅಷ್ಟು ಸಲೀಸಾಗಿ ವಾಪಸ್ ಬರುತ್ತೆ. ಅಜ್ಜಿ ವಿಷಯದಲ್ಲಿ ಪ್ರಶ್ನೆ ತಪ್ಪಿರ್ಲಿಲ್ಲ, ಉತ್ತರದ ಕಾಲಮ್ಮೂ ತಪ್ಪಿರ್ಲಿಲ್ಲ, ಎರಡೂ ಸೇರ್ದಾಗ ತಪ್ಪಾಯ್ತು. ನಮ್ಮ ಭಾಷೇಲಿ "ಇಲ್ಲ" ಅನ್ನೋದು "ಹಾಗಾಗಿಲ್ಲ"ಕ್ಕೂ ಬರುತ್ತೆ, "ನನ್ನ ಹತ್ರ ಅದು ಇಲ್ಲ"ಕ್ಕೂ ಬರುತ್ತೆ. "ಇಲ್ಲದಿರುವುದು" ಅಂತ ಕೇಳಿ "ಇಲ್ಲವೇ ಇಲ್ಲ" ಅಂತ ಕಾಲಂ ಇಟ್ರೆ, ತುಂಬಾ ಕಷ್ಟದಲ್ಲಿರೋರೂ ಆರಾಮಾಗಿರೋರೂ ಒಂದೇ ಮಾತು ಹೇಳಿ ಒಂದೇ ಸೊನ್ನೆ ತಗೋತಾರೆ. ಇದು ಕಾಗದ ಕಾಗದ ಹೋಲಿಸಿದ್ರೆ ಎಲ್ಲೂ ಸಿಗಲ್ಲ.

ಅದಾದ್ಮೇಲೆ ನಾವು ಮಾಡಿದ್ದು ಒಬ್ಬೊಬ್ರನ್ನೇ ಕೂರಿಸ್ಕೊಂಡು ಉತ್ತರ ಎಲ್ಲಿಂದ ಬಂತು ಅಂತ ಕೇಳೋದು. ಪ್ರಶ್ನೆ ಓದೋದು, ಉತ್ತರ ತಗೊಳ್ಳೋದು, ಆಮೇಲೆ "ನಾನು ಈಗ ಏನು ಕೇಳ್ದೆ ಅಂತ ನಿಮ್ಮ ಮಾತಲ್ಲಿ ಹೇಳ್ತೀರಾ", "ಕೆಲವು ದಿನ ಅಂದ್ರಲ್ಲ, ಯಾವ ಯಾವ ದಿನ ನೆನಪಾಯ್ತು" ಅಂತ ನಿಧಾನಕ್ಕೆ ಬಿಡಿಸೋದು. ಒಪ್ಪಿದವರದ್ದು ರೆಕಾರ್ಡ್ ಮಾಡ್ಕೊಳ್ತಿದ್ವಿ. ಸಮಯ ಹಿಡಿಯುತ್ತೆ, ಒಬ್ಬರಿಗೆ ಒಂದು ಗಂಟೆ ಆಗಿದ್ದೂ ಇದೆ, ಈ ಇಡೀ ಕೆಲಸದಲ್ಲಿ ನಾನು ಕಲ್ತಿದ್ದು ಜಾಸ್ತಿ ಇಲ್ಲೇ.

ಬೇಜಾರು ಅನ್ನೋ ಪದ ತಗೊಳ್ಳಿ. ಎರಡನೇ ಪ್ರಶ್ನೆ ಮನಸ್ಸು ಕುಗ್ಗಿರೋದರ ಬಗ್ಗೆ. "ಖಿನ್ನತೆ" ಅಂತ ಬರೆದ್ರೆ ಅದು ಪೇಪರಲ್ಲಿ ಬರೋ ಪದ, ಮನೇಲಿ ಯಾರೂ "ನಂಗ್ಯಾಕೋ ಖಿನ್ನತೆ" ಅನ್ನಲ್ಲ. ಸರಿ ಬೇಜಾರು ಅಂತ ಹಾಕೋಣ ಅಂದ್ರೆ, ಮಾಡೋಕೆ ಕೆಲಸ ಇಲ್ದೇ ಇದ್ರೂ ಬೇಜಾರೇ, ಯಾರೋ ಏನೋ ಅಂದ್ರೂ ಬೇಜಾರೇ, ಮನೇಲಿ ಸಾವಾದ್ರೂ ಬೇಜಾರೇ. ಒಬ್ಬ ಹುಡುಗ, ಇಪ್ಪತ್ತರ ಒಳಗಿನವನು, "ದಿನಾ ಬೇಜಾರು ಅಕ್ಕ" ಅಂತ 3 ಹಾಕ್ಸಿದ. ಯಾಕೆ ಅಂತ ಬಿಡಿಸಿ ಕೇಳಿದ್ರೆ ರಜಾ ಇತ್ತು, ಫ್ರೆಂಡ್ಸ್ ಊರಲ್ಲಿರ್ಲಿಲ್ಲ, ಅಷ್ಟೇ. ಧಾರವಾಡದ ಕಡೆಯ ತಂಡದವ್ರು ಅಲ್ಲಿ "ಬ್ಯಾಸರ" ಅಂತಾರೆ ಅಂದ್ರು, ಅದಕ್ಕೂ ಇದೇ ಕಥೆ. ಕೊನೆಗೆ ಒಂದೇ ಪದದಲ್ಲಿ ಹಿಡಿಯೋ ಆಸೆ ಬಿಟ್ವಿ. ಜನ ತಾವಾಗೇ ಆಡಿದ ಮಾತುಗಳನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ತಾ ಬಂದಿದ್ವಿ: ಎದೆ ಭಾರ, ಮನಸ್ಸು ಕುಸಿದುಹೋಗಿದೆ, ಮಂಕು ಕವಿದಂಗೆ, ಒಳಗೆ ಏನೋ ಸಂಕಟ, ಅಳು ತಡಿಯಕ್ಕಾಗಲ್ಲ, ಮುಂದೆ ದಾರಿನೇ ಕಾಣ್ತಿಲ್ಲ. ಇದ್ರಲ್ಲಿ "ಮನಸ್ಸು ಕುಗ್ಗಿಹೋಗೋದು" ಮತ್ತೆ "ಮುಂದೆ ದಾರಿನೇ ಕಾಣಲ್ಲ ಅನ್ಸೋದು" ಎಲ್ಲಾ ಕಡೆಯವ್ರಿಗೂ ಅರ್ಥ ಆಯ್ತು. "ಎದೆ ಭಾರ" ಎಷ್ಟು ಚೆನ್ನಾಗಿರೋ ಮಾತು, ನಂಗೆ ತುಂಬಾ ಇಷ್ಟ ಇತ್ತು, ಆದ್ರೆ ವಯಸ್ಸಾದವ್ರು ಹಾರ್ಟ್ ವಿಷಯ ಕೇಳ್ತಿದ್ದಾರೆ ಅನ್ಕೊಂಡು ಬಿಪಿ ಮಾತ್ರೆ ಬಗ್ಗೆ ಹೇಳೋಕೆ ಶುರು ಮಾಡ್ತಿದ್ರು. ಬಿಡ್ಬೇಕಾಯ್ತು.

ಉತ್ತರದ ಕಾಲಂಗಳದ್ದು ಇನ್ನೊಂದು. "ಅರ್ಧಕ್ಕಿಂತ ಹೆಚ್ಚು ದಿನಗಳು" ಅಂತ ನಾವು ಬರೆದಿದ್ವಿ. ಒಬ್ಬಮ್ಮ ಕೇಳಿದ್ರು, "ಅರ್ಧ ದಿನ ಅಂದ್ರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗಾ?" ಅಂದ್ರೆ ಅವ್ರ ಪ್ರಕಾರ ಒಂದು ದಿನದಲ್ಲಿ ಅರ್ಧ ಹೊತ್ತಿಗಿಂತ ಜಾಸ್ತಿ ಬೇಜಾರಾಗಿತ್ತಾ ಅನ್ನೋದು ಪ್ರಶ್ನೆ. ಅವ್ರೊಬ್ರೇ ಅಲ್ಲ, ಆಮೇಲೆ ಬಂದ ಮೂರ್ನಾಲ್ಕು ಜನನೂ ಹಂಗೇ ಅರ್ಥ ಮಾಡ್ಕೊಂಡಿದ್ರು. "ಎರಡು ವಾರ" ಅಂದ್ರೂ ಜನ ಹದಿನೈದು ದಿನ ಅಂತನೇ ಲೆಕ್ಕ ಹಾಕೋದು. ಒಂದು ಕಾರ್ಡ್ ಮಾಡಿದ್ವಿ, ಅದ್ರಲ್ಲಿ 14 ದೊಡ್ಡ ಚುಕ್ಕೆ, ಎರಡು ಸಾಲು, ಒಂದೊಂದು ಚುಕ್ಕೆ ಒಂದೊಂದು ದಿನ. "ಇದ್ರಲ್ಲಿ ಎಷ್ಟು ದಿನ ಹಂಗಾಗಿತ್ತು, ಬೆರಳಿಟ್ಟು ತೋರ್ಸಿ." ಆವಾಗ ಉತ್ತರ ಬೇರೆನೇ ಬರೋಕೆ ಶುರುವಾಯ್ತು. ಕಾಲಂ ಹೆಸರೂ ಬದಲಾಯ್ಸಿದ್ವಿ: ಒಂದು ದಿನವೂ ಹಾಗಾಗಿಲ್ಲ, ಕೆಲವು ದಿನ ಹಾಗಾಗಿದೆ, ಏಳು ದಿನಕ್ಕಿಂತ ಹೆಚ್ಚು ಹಾಗಾಗಿದೆ, ಹೆಚ್ಚುಕಮ್ಮಿ ದಿನಾಲೂ ಹಾಗಾಗಿದೆ. ಮೊದಲ ಪ್ರಶ್ನೆ "ಯಾವ ಕೆಲಸವೂ ಬೇಡ ಅನ್ನಿಸಿದ್ದು, ಖುಷಿ ಕಮ್ಮಿಯಾಗಿದ್ದು" ಅಂತಾಯ್ತು. ಪ್ರಶ್ನೆಯೊಳಗೆ ಎಲ್ಲೂ "ಇಲ್ಲ" ಬರದ ಹಾಗೆ ನೋಡ್ಕೊಂಡ್ವಿ.

ಆರನೇ ಪ್ರಶ್ನೆ, ತನ್ನ ಬಗ್ಗೆ ತನಗೇ ಕೆಟ್ಟದಾಗಿ ಅನ್ಸೋದು, ಸೋತುಹೋದೆ ಅನ್ಸೋದು, ಮನೆಯವ್ರ ನಂಬಿಕೆ ಉಳಿಸ್ಕೊಳ್ಳಲಿಲ್ಲ ಅನ್ಸೋದು. ಒಬ್ಬರು ಇದಕ್ಕೆ "ಮನೆಯವ್ರಿಗೆ ಮುಖ ತೋರ್ಸೋಕೆ ಆಗದ ಹಂಗೆ" ಅಂತ ಸೂಚಿಸಿದ್ರು, ಕೇಳೋಕೆ ಬಹಳ ಸಹಜ, ಆದ್ರೆ ಅದು ನಾಚಿಕೆ, ನಾಲ್ಕು ಜನ ಏನಂತಾರೋ ಅನ್ನೋದು. ಯಾರಿಗೂ ಗೊತ್ತಿಲ್ದಿದ್ರೂ ಒಳಗೊಳಗೇ ತಪ್ಪು ನಂದೇ ಅಂತ ಕೊರೆಯೋದು ಬೇರೆ. ಇದ್ರ ಮೇಲೆ ಒಂದು ಇಡೀ ಮಧ್ಯಾಹ್ನ ಚರ್ಚೆ ಆಯ್ತು, ಹೋಗ್ಲಿ ಅಂತ ಬಿಡೋ ಚರ್ಚೆ ಅಲ್ಲ ಅದು. ಏಳನೇದು ಪೇಪರ್ ಓದೋದು, ಟಿವಿ ನೋಡೋದರಲ್ಲಿ ಗಮನ ಇಡೋದು, ಓದೋಕೆ ಬರದವ್ರಿಗೆ ಲೆಕ್ಕ ಮಾಡೋದು, ಎದುರಿಗಿರೋರ ಮಾತು ಕೇಳೋದು ಅಂತ ಸೇರ್ಸಿದ್ವಿ. ಎಂಟನೇ ಪ್ರಶ್ನೇಲಿ ನಿಧಾನ ಆಗೋದು, ಇಲ್ಲಾ ಅದಕ್ಕೆ ವಿರುದ್ಧವಾಗಿ ಒಂದು ಕಡೆ ಕೂರೋಕಾಗದೆ ಚಡಪಡಿಸೋದು, ಎರಡನ್ನೂ ಒಂದೇ ಉಸಿರಲ್ಲಿ ಕೇಳುತ್ತೆ, ಅದು ಮೂಲದಲ್ಲೇ ಇರೋ ತೊಡಕು, ಎರಡು ಮಾಡಿದ್ರೆ ಪಿಎಚ್‌ಕ್ಯೂ-9 ಆಗಿ ಉಳಿಯಲ್ಲ. ನಡುವೆ ಒಂದು ಸಲ ನಿಲ್ಲಿಸಿ ಓದಿ ಅಂತ ಸೂಚನೆ ಬರೆದ್ವಿ.

ಒಂಬತ್ತನೇ ಪ್ರಶ್ನೆ. ಸತ್ತುಹೋಗಿದ್ರೆ ಒಳ್ಳೇದಿತ್ತು ಅಂತನೋ, ತನಗೆ ತಾನೇ ಏನಾದ್ರೂ ಮಾಡ್ಕೋಬೇಕು ಅಂತನೋ ಅನ್ಸಿದ್ಯಾ ಅನ್ನೋದು. ತಂಡದಲ್ಲಿ ಕೆಲವ್ರಿಗೆ ಇದನ್ನ ಕೇಳೋಕೇ ಬಾಯಿ ಬರ್ತಿರ್ಲಿಲ್ಲ, ಕೇಳಿದ್ರೆ ಇಲ್ಲದ ಯೋಚ್ನೆ ತಲೇಗೆ ಹಾಕಿದಂಗೆ ಆಗುತ್ತೆ ಅಂತ ಭಯ. ಹಂಗಾಗಲ್ಲ, ಕೇಳೋದರಿಂದ ಆ ಯೋಚ್ನೆ ಹುಟ್ಟಲ್ಲ, ಎಷ್ಟೋ ಜನಕ್ಕೆ ಯಾರೋ ಕೇಳಿದ್ರಲ್ಲ ಅಂತ ಹಗುರ ಆಗುತ್ತೆ. ಇದನ್ನ ನಾನು ಕಣ್ಣಾರೆ ನೋಡ್ದೆ. ಒಬ್ಬರು, ನನ್ನ ಅಮ್ಮನ ವಯಸ್ಸಿನವ್ರು, ಎಂಟು ಪ್ರಶ್ನೆವರೆಗೂ ಚಿಕ್ಕ ಚಿಕ್ಕ ಉತ್ತರ ಕೊಡ್ತಾ ಬಂದು ಒಂಬತ್ತನೇದಕ್ಕೆ ಸೆರಗಿನ ಅಂಚನ್ನ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಒಳಗಡೆ ಬಾಗಿಲ ಕಡೆ ನೋಡಿದ್ರು. ಸೊಸೆ ಅಲ್ಲೇ ಓಡಾಡ್ತಿದ್ರು. ನಾನು ಫಾರ್ಮ್ ಮಡಚಿ, "ಅಮ್ಮ, ಹೊರಗೆ ಸ್ವಲ್ಪ ನಡ್ಕೊಂಡು ಬರೋಣ್ವಾ" ಅಂದೆ. ಹೊರಗೆ ಬಂದು ಹತ್ತು ಹೆಜ್ಜೆ ಹಾಕೋಷ್ಟ್ರಲ್ಲಿ ಹೇಳಿದ್ರು. ಆವತ್ತಿಂದ ಪಕ್ಕದಲ್ಲಿ ಯಾರಾದ್ರೂ ಇದ್ರೆ ಸಂದರ್ಶನ ಶುರುನೇ ಮಾಡ್ಬಾರ್ದು ಅಂತ ನಿಯಮ ಮಾಡ್ಕೊಂಡ್ವಿ.

ವಯಸ್ಸಾದವ್ರಲ್ಲಿ "ದೇವ್ರು ಬೇಗ ಕರ್ಸ್ಕೊಂಡ್ರೆ ಸಾಕು" ಅನ್ನೋದು ದಿನದ ಮಾತು. ಎಷ್ಟೋ ಸಲ ಅದ್ರಲ್ಲಿ ನೋವಿರಲ್ಲ, ಆಯಸ್ಸು ತುಂಬಿದೆ ಅನ್ನೋ ಸಮಾಧಾನ ಇರುತ್ತೆ. ಕೆಲವೊಂದು ಸಲ ಅದೇ ಮಾತಿನ ಒಳಗೆ ನಿಜವಾದ ಸಂಕಟ ಇರುತ್ತೆ. ಫಾರ್ಮ್ ಇವೆರಡನ್ನ ಬೇರೆ ಮಾಡಲ್ಲ, ಎದುರಿಗೆ ಕೂತಿರೋರೇ ಕೇಳಿ ತಿಳ್ಕೋಬೇಕು. ಹಂಗಾಗಿ ನಮ್ಮಲ್ಲಿ ಒಂಬತ್ತನೇದಕ್ಕೆ ಸೊನ್ನೆ ಬಿಟ್ಟು ಏನೇ ಬಂದ್ರೂ ಅವತ್ತೇ ತಂಡದ ಡಾಕ್ಟ್ರು ಅವ್ರ ಜೊತೆ ಮಾತಾಡ್ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದ ಚೀಟಿ ಎಲ್ಲರಿಗೂ, ಸೊನ್ನೆ ಬಂದವ್ರಿಗೂ ಕೊಡ್ಬೇಕು. ಪೊಲೀಸ್ ಕೇಸ್ ಆಗುತ್ತಾ ಅಂತ ಹೆದರೋರು ಇದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನ ಮಾಡಿದವ್ರನ್ನೂ ತೀವ್ರ ಒತ್ತಡದಲ್ಲಿದ್ದೋರು ಅಂತನೇ ಭಾವಿಸಿ ಆರೈಕೆ ಕೊಡ್ಬೇಕು ಅಂತ ಇದೆ, ಬರೀ ಯೋಚ್ನೆ ಬಂದಿದ್ದನ್ನ ಹೇಳ್ಕೊಂಡ್ರೆ ಯಾವ ಕೇಸೂ ಇಲ್ಲ ಅಂತ ಬಿಡಿಸಿ ಹೇಳ್ತಿದ್ವಿ.

ಇಷ್ಟಾದ್ಮೇಲೆ ಅಂಕಿಗಳ ಭಾಗ. ಒಂಬತ್ತು ಪ್ರಶ್ನೆ ಒಂದಕ್ಕೊಂದು ಕೈ ಹಿಡ್ಕೊಂಡು ಹೋಗ್ತವಾ ಅಂತ ಕ್ರೋನ್‌ಬಾಕ್ ಆಲ್ಫಾ ಅನ್ನೋ ಅಂಕಿ ನೋಡ್ತಾರೆ, 0.7 ದಾಟಿದ್ರೆ ಪರವಾಗಿಲ್ಲ ಅಂತಾರೆ. ತುಂಬಾ ಜನ ಅಷ್ಟಕ್ಕೇ "ವ್ಯಾಲಿಡೇಟ್ ಆಯ್ತು" ಅಂತ ನಿಲ್ಲಿಸ್ಬಿಡ್ತಾರೆ, ಅದು ನಂಗೆ ಒಪ್ಪೋದೇ ಇಲ್ಲ. ಎಲ್ಲಾ ಪ್ರಶ್ನೆನೂ ಒಂದೇ ಥರ ತಪ್ಪು ಅರ್ಥ ಆದ್ರೂ ಆಲ್ಫಾ ಚೆನ್ನಾಗೇ ಬರುತ್ತೆ. ನಿಜವಾದ ಪರೀಕ್ಷೆ ಅಂದ್ರೆ ಫಾರ್ಮ್ ತುಂಬಿಸಿದವ್ರನ್ನೇ ಕೆಲವೇ ದಿನದೊಳಗೆ ತರಬೇತಿ ಆದ ಇನ್ನೊಬ್ಬರು ಪೂರ್ತಿ ಸಂದರ್ಶನ ಮಾಡ್ಬೇಕು, ಅವ್ರಿಗೆ ಫಾರ್ಮಿನ ಅಂಕ ಗೊತ್ತಿರ್ಬಾರ್ದು. ಈ "ಗೊತ್ತಿರ್ಬಾರ್ದು" ಅನ್ನೋದನ್ನ ಕಾಯೋದು ಎಷ್ಟು ಕಷ್ಟ ಅಂದ್ರೆ, ಒಂದು ಸಲ ನಮ್ಮ ತಂಡದ ಒಬ್ಬ ಹುಡುಗ ಆ ಸಂದರ್ಶನ ಮಾಡ್ಬೇಕಿದ್ದ ಡಾಕ್ಟ್ರಿಗೆ ಫೋನಲ್ಲಿ "ಮೇಡಂ, ಇವ್ರದ್ದು ಜಾಸ್ತಿ ಬಂದಿದೆ, ಬೇಗ ನೋಡ್ಬಿಡಿ" ಅಂತ ಕಾಳಜಿಯಿಂದನೇ ಹೇಳ್ಬಿಟ್ಟ. ಅವ್ರಿಗೆ ಸಹಾಯ ಸಿಕ್ತು, ಅದೇ ಮುಖ್ಯ, ಆದ್ರೆ ಆ ಒಂದು ದಾಖಲೆ ಲೆಕ್ಕದಿಂದ ತೆಗೀಬೇಕಾಯ್ತು.

ಗಡಿ ಎಲ್ಲಿ ಹಾಕೋದು, 10ಕ್ಕಾ, 8ಕ್ಕಾ, 12ಕ್ಕಾ ಅನ್ನೋದರ ಮೇಲೆ ಎಲ್ಲರಿಗೂ ಆಸೆ, ನಮ್ಮ ಡೇಟಾದಲ್ಲಿ ಯಾವ್ದು ಚೆನ್ನಾಗಿ ಬರುತ್ತೋ ಅದನ್ನ ಘೋಷಿಸೋಣ ಅಂತ. ಹಂಗೆ ಕೈಗೆ ಸಿಕ್ಕ ಡೇಟಾದಲ್ಲೇ ಗಡಿ ಹುಡುಕಿ ಅದೇ ಡೇಟಾದಲ್ಲಿ ಅದ್ರ ನಿಖರತೆ ಅಳೆದ್ರೆ, ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಅದ್ರಲ್ಲೂ ಖಿನ್ನತೆ ಇರೋರ ಸಂಖ್ಯೆ ಕಮ್ಮಿ ಇದ್ರಂತೂ ಇಬ್ಬರು ಆಚೀಚೆ ಆದ್ರೆ ಗಡಿನೇ ಜಾರುತ್ತೆ. 2019ರಲ್ಲಿ ಬಹಳ ಅಧ್ಯಯನಗಳ ಮೂಲ ಡೇಟಾ ಒಟ್ಟು ಸೇರ್ಸಿ ನೋಡಿದ ಒಂದು ಲೇಖನ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 10ರ ಗಡಿಯಲ್ಲಿ ಖಿನ್ನತೆ ಇರೋ ನೂರರಲ್ಲಿ 88 ಜನರನ್ನ ಪಿಎಚ್‌ಕ್ಯೂ-9 ಹಿಡಿಯುತ್ತೆ, ಇಲ್ಲದ ನೂರರಲ್ಲಿ 85 ಜನರನ್ನ ಸರಿಯಾಗಿ ಬಿಟ್ಬಿಡುತ್ತೆ ಅಂತ. ಕೇಳೋಕೆ ಬಲು ಚೆನ್ನಾಗಿದೆ. ಈಗ ಸಾವಿರ ಜನರಲ್ಲಿ 30 ಜನಕ್ಕೆ ಖಿನ್ನತೆ ಇರೋ ಊರು ಅಂತ ಇಟ್ಕೊಳ್ಳಿ. 30ರಲ್ಲಿ 26 ಜನ ಸಿಕ್ತಾರೆ, ಉಳಿದ 970ರಲ್ಲಿ ಸುಮಾರು 145 ಜನ ಸುಮ್ಸುಮ್ನೆ ಸಿಕ್ಕಿಬೀಳ್ತಾರೆ. ಒಟ್ಟು 171 ಜನ 10 ಮುಟ್ಟಿದ್ರು, ಅದ್ರಲ್ಲಿ ನಿಜವಾಗ್ಲೂ ಇರೋದು 26 ಜನಕ್ಕೆ. ಈ 171ನ್ನೇ ತಗೊಂಡು "ಇಷ್ಟು ಜನಕ್ಕೆ ಖಿನ್ನತೆ" ಅಂತ ಸುದ್ದಿ ಮಾಡಿದ್ರೆ ಅದು ಆರು ಪಟ್ಟು ಹತ್ರ ಸುಳ್ಳು. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇಂಥ ಫಾರ್ಮಿನ ಅಂಕ ನಂಬದೆ ಮಿನಿ ಅನ್ನೋ ರೋಗನಿರ್ಣಯದ ಸಂದರ್ಶನ ಬಳಸಿದ್ದು ಅದಕ್ಕೇ ಒಳ್ಳೇದಾಯ್ತು ಅನ್ಸುತ್ತೆ. ಫಾರ್ಮ್ ಯಾರ ಹತ್ರ ಕೂತು ಇನ್ನೊಂದು ಸಲ ಮಾತಾಡ್ಬೇಕು ಅಂತ ತೋರ್ಸುತ್ತೆ, ಅಷ್ಟೇ ಅದ್ರ ಕೆಲಸ.

ಅಜ್ಜಿ ಹತ್ರ ಮತ್ತೆ ಹೋಗಿದ್ದೆ, ಹೊಸ ಪ್ರಶ್ನೆ ಹಿಡ್ಕೊಂಡು. ಚುಕ್ಕೆ ಕಾರ್ಡನ್ನ ಮಡಿಲಲ್ಲಿ ಇಟ್ಕೊಂಡು "ಯಾವ ಕೆಲಸವೂ ಬೇಡ ಅನ್ಸಿದ್ದು" ಅಂತ ಕೇಳಿದ ತಕ್ಷಣ ತೋರುಬೆರಳನ್ನ ಮೊದಲ ಚುಕ್ಕೆಯಿಂದ ಕೊನೇ ಚುಕ್ಕೆವರೆಗೂ ಎಳೆದ್ರು, ಮಾತೇ ಆಡ್ಲಿಲ್ಲ. ಮೂರು ಬರ್ಕೊಂಡೆ. ಅಷ್ಟೊತ್ತಿಗೆ ಡಾಕ್ಟ್ರು ಅವ್ರನ್ನ ಒಂದು ಸಲ ನೋಡಿದ್ರು, ಚಿಕಿತ್ಸೆ ಶುರುವಾಗಿತ್ತು. "ಆ ಹುಡುಗಿ ಡಾಕ್ಟ್ರು ಚೆನ್ನಾಗಿ ಮಾತಾಡ್ತಾಳೆ" ಅಂದ್ರು.

ಉಳಿದದ್ದು ಬೇರೆ ಭಾಷೆಗಳ ಜೊತೆ ಹೋಲಿಸೋದು. ಕನ್ನಡದ 10ಕ್ಕೂ ಹಿಂದಿಯ 10ಕ್ಕೂ ಒಂದೇ ತೂಕನಾ ಅಂತ ನೋಡ್ದೆ ಎರಡನ್ನ ಕೂಡಿಸಿ ದೇಶದ ಲೆಕ್ಕ ಅನ್ನೋ ಹಾಗಿಲ್ಲ. ಅದಕ್ಕೆ ಸಂಖ್ಯಾಶಾಸ್ತ್ರದ ದಾರಿಗಳಿವೆ, ಒಂದೇ ಮಟ್ಟದ ಕಷ್ಟದಲ್ಲಿರೋ ಎರಡು ಭಾಷೆಯವ್ರು ಒಂದೇ ಪ್ರಶ್ನೆಗೆ ಬೇರೆ ಬೇರೆ ಅಂಕ ಕೊಡ್ತಿದ್ದಾರಾ ಅಂತ ಪ್ರಶ್ನೆ ಪ್ರಶ್ನೆನೂ ನೋಡೋದು. ಆ ಕೆಲಸಕ್ಕೆ ಮುಂಚೆ ನಾನು ತೆಲುಗು ತಂಡದವ್ರಿಗೆ ಫೋನ್ ಮಾಡಿ ಅಜ್ಜಿ ಕಥೆ ಹೇಳ್ದೆ, ನಿಮ್ಮಲ್ಲಿ ಮೊದಲ ಕಾಲಂ ಏನಿದೆ ಅಂತ ಕೇಳ್ದೆ. ಆ ಕಡೆಯಿಂದ ಕಾಗದ ತಿರುವೋ ಸದ್ದು. "ಅಸ್ಸಲು ಲೇದು" ಅಂದ್ರು ಅವ್ರು, ಅಂದ್ರೆ ನಮ್ಮ "ಇಲ್ಲವೇ ಇಲ್ಲ"ನೇ, ಆಮೇಲೆ ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. ಅವ್ರ ಮೊದಲ ಪ್ರಶ್ನೇಲೂ "ಲೇಕಪೋವಡಂ", ಅಂದ್ರೆ "ಇಲ್ಲದಿರುವುದು" ಅಂತನೇ ಇತ್ತು. ಪುಣ್ಯಕ್ಕೆ ಮೊದಲ ಸುತ್ತಿನ ಆಡಿಯೋ ಇನ್ನೂ ಅಳಿಸಿರ್ಲಿಲ್ಲ, ಮಾರನೇ ದಿನದಿಂದ ಮೊದಲ ಪ್ರಶ್ನೆ ಮಾತ್ರ ತೆಗೆದು ಒಂದೊಂದೇ ಕೇಳೋಕೆ ಕೂತ್ರು.